ಜೋಗದ ನೀರು ಎಷ್ಟು ವೇಗವಾಗಿ ಬೀಳುತ್ತದೆ?

ಪಿಯುಸಿ ಮಕ್ಕಳಿಗೆ ನಾನು ತಪ್ಪದೆ ಕೊಡುವ ಲೆಕ್ಕ ಇದು: ಜೋಗದಲ್ಲಿ 253 ಮೀಟರ್ ಮೇಲಿಂದ ಬಿದ್ದ ನೀರು ತಳ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತದೆ? ಉತ್ತರ ಬೇಗ ಬರುತ್ತದೆ. ಒಂದು ಕಿಲೋ ನೀರಿಗೆ ಆ ಎತ್ತರದಲ್ಲಿ ಸುಮಾರು 2,480 ಜೂಲ್ ಪ್ರಚ್ಛನ್ನ ಶಕ್ತಿ, ಅಂದರೆ ಎತ್ತರದಲ್ಲಿರುವುದರಿಂದಲೇ ಬಂದ ಶಕ್ತಿ. ಅಷ್ಟೂ ಚಲನ ಶಕ್ತಿ, ಅಂದರೆ ಓಟದ ಶಕ್ತಿಯಾದರೆ ವೇಗ ಸೆಕೆಂಡಿಗೆ 70 ಮೀಟರ್, ಗಂಟೆಗೆ 250 ಕಿಲೋಮೀಟರ್. ಲೆಕ್ಕ ಸರಿಯೇ. ಆದರೆ ಜೋಗದ ನೀರು ಹಾಗೆ ಬೀಳುವುದಿಲ್ಲ.

ಯಾಂತ್ರಿಕ ಶಕ್ತಿ ಅಂದರೆ ಈ ಎರಡರ ಮೊತ್ತ. ಅದು ಬದಲಾಗುವುದಿಲ್ಲ ಎಂಬುದು ನಿಯಮ. ಆದರೆ ಹಾಗೆ ಉಳಿಯಬೇಕಾದರೆ ಘರ್ಷಣೆ, ಗಾಳಿಯ ತಡೆ ಇರಕೂಡದು. ಪುಸ್ತಕದಲ್ಲಿ ಈ ಷರತ್ತೂ ಇದೆ; ಮಕ್ಕಳ ತಲೆಯಲ್ಲಿ ನಿಯಮವಷ್ಟೇ ಉಳಿಯುತ್ತದೆ. ಜೋಗದಲ್ಲಿ ನೀರು ಬೀಳುತ್ತಲೇ ಒಡೆದು ಹನಿಯಾಗುತ್ತದೆ. ಹನಿಯನ್ನು ಗಾಳಿ ಸುಮ್ಮನೆ ಬಿಡುವುದಿಲ್ಲ: ದೊಡ್ಡ ಮಳೆಹನಿ ಕೂಡ ಸೆಕೆಂಡಿಗೆ ಸುಮಾರು 9 ಮೀಟರ್ ಮುಟ್ಟಿದ ಮೇಲೆ ವೇಗ ಹೆಚ್ಚಿಸಿಕೊಳ್ಳಲಾರದು. ಮಿಕ್ಕ ಶಕ್ತಿ ಗಾಳಿಯನ್ನೂ ಕೆಳಗಿನ ಮಡುವನ್ನೂ ಕಲಕಿ ಕೊನೆಗೆ ಶಾಖವಾಗುತ್ತದೆ. ಅಷ್ಟೂ ಶಾಖ ನೀರಿಗೇ ಸೇರಿದರೂ ಬಿಸಿ ಏರುವುದು 0.6 ಡಿಗ್ರಿ ಸೆಲ್ಸಿಯಸ್. ಕೈಯಿಟ್ಟರೆ ಗೊತ್ತೂ ಆಗದು.

ಇದೇ ಎತ್ತರದಿಂದ ನೀರನ್ನು ಪೆನ್‌ಸ್ಟಾಕ್, ಅಂದರೆ ಟರ್ಬೈನಿಗೆ ನೀರೊಯ್ಯುವ ಕೊಳವೆಯಲ್ಲಿ ಇಳಿಸಿದರೆ ಕಥೆಯೇ ಬೇರೆ. ಅದರೊಳಗೆ ನೀರು ಧುಮ್ಮಿಕ್ಕುತ್ತದೆ ಎಂದೇ ಬಹಳ ಮಂದಿ ಅಂದುಕೊಂಡಿದ್ದಾರೆ, ಕೆಲವು ಮೇಷ್ಟ್ರುಗಳೂ ಸೇರಿ. ಇಲ್ಲ. ಕೊಳವೆ ಸದಾ ತುಂಬಿರುತ್ತದೆ. ಅಗಲ ಒಂದೇ ಇದ್ದರೆ ಮೇಲೂ ಕೆಳಗೂ ವೇಗ ಒಂದೇ, ಸೆಕೆಂಡಿಗೆ ಕೆಲವೇ ಮೀಟರ್. ಕಳೆದುಕೊಂಡ ಎತ್ತರ ಒತ್ತಡವಾಗಿ ಕೂತಿರುತ್ತದೆ, 253 ಮೀಟರಿಗೆ ವಾಯುಭಾರದ ಸುಮಾರು 25 ಪಟ್ಟು. ತುದಿಯ ಕಿರಿದಾದ ನಳಿಕೆಯಲ್ಲಿ ಆ ಒತ್ತಡ ವೇಗವಾಗಿ ಬದಲಾಗುತ್ತದೆ. ಮಕ್ಕಳು ಹಾಕಿದ 70 ಮೀಟರಿನ ಲೆಕ್ಕ ನಿಜವಾಗುವುದು ಹೆಚ್ಚುಕಮ್ಮಿ ಅಲ್ಲಿ.

ಆ ಧಾರೆ ಪೆಲ್ಟನ್ ಚಕ್ರದ, ಅಂದರೆ ಅಂಚಿನ ಸುತ್ತ ಬಟ್ಟಲುಗಳಿರುವ ಟರ್ಬೈನಿನ, ಬಟ್ಟಲುಗಳಿಗೆ ಬಡಿಯುತ್ತದೆ. ಶರಾವತಿ ವಿದ್ಯುದಾಗಾರದ 103.5 ಮೆಗಾವಾಟಿನ ಹತ್ತೂ ಘಟಕಗಳು ಇಂಥವೇ, ಅಲ್ಲಿ ನೀರು ಇಳಿಯುವ ಎತ್ತರ ಜೋಗಕ್ಕಿಂತಲೂ ಹೆಚ್ಚು. ಬಟ್ಟಲಿನ ನಡುವಿನ ಏಣು ಧಾರೆಯನ್ನು ಸೀಳಿ, ಎರಡು ಬದಿಯಿಂದಲೂ ಬಂದ ಕಡೆಗೇ ಹಿಂದಕ್ಕೆ ತಿರುಗಿಸುತ್ತದೆ. ನೀರು 70ರಲ್ಲಿ ಬರುತ್ತಿದೆ, ಬಟ್ಟಲು ಅದೇ ದಿಕ್ಕಿಗೆ 35ರಲ್ಲಿ ಓಡುತ್ತಿದೆ ಎನ್ನಿ. ಬಟ್ಟಲಿಗೆ ಕಾಣುವ ವೇಗ 35. ನೀರು ಅಷ್ಟೇ ವೇಗದಲ್ಲಿ ಹಿಂದಕ್ಕೆ ತಿರುಗಿದರೆ, ಹೊರಗೆ ನಿಂತವರಿಗೆ ಅದರ ವೇಗ ಸೊನ್ನೆ. ಬಟ್ಟಲಿನಿಂದ ನೀರು ಸಪ್ಪಗೆ ಕೆಳಗೆ ಬಿದ್ದರೆ ಚಕ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಭೌತಶಾಸ್ತ್ರದಲ್ಲಿ ನನಗೆ ಇಷ್ಟು ಹಿಡಿಸಿದ ಲೆಕ್ಕ ಕಡಿಮೆ.

ಕರೆಂಟ್ ಬಿಲ್ಲಿನ ಒಂದು ಯೂನಿಟ್ 36 ಲಕ್ಷ ಜೂಲ್. ಏನೂ ನಷ್ಟವಾಗದಿದ್ದರೂ ಅದಕ್ಕೆ ಜೋಗದೆತ್ತರದಿಂದ 1,450 ಲೀಟರ್ ಇಳಿಯಬೇಕು, ಶೇ. 85ರಷ್ಟು ದಕ್ಕುವುದಾದರೆ 1,700 ಲೀಟರ್. ವಿಜ್ಞಾನ ಮೇಳ ಬಂತೆಂದರೆ ಮನೆಯ ಟ್ಯಾಂಕಿನ ಕೆಳಗೆ ಟರ್ಬೈನ್ ಕೂರಿಸುವ ಮಾದರಿ ಹಿಡಿದು ಯಾರಾದರೂ ಬರುತ್ತಾರೆ. ಹತ್ತು ಮೀಟರ್ ಎತ್ತರದ ಸಾವಿರ ಲೀಟರಿನಲ್ಲಿರುವುದು 98,000 ಜೂಲ್, 9 ವಾಟಿನ ಎಲ್‌ಇಡಿ ಬಲ್ಬಿಗೆ ಹೆಚ್ಚೆಂದರೆ ಮೂರು ಗಂಟೆ. ಆ ನೀರನ್ನು ಮೇಲಕ್ಕೆ ಹತ್ತಿಸಲು ಪಂಪು ತಿಂದ ಕರೆಂಟು ಇದಕ್ಕಿಂತ ಜಾಸ್ತಿ.