ನಳಿಗೆಯ ಮೇಲಿನ ತಾರೀಖು: ಕಿಸೆ ರಿವಾಲ್ವರುಗಳ ಪೇಟೆಂಟ್ ಜಗಳದ ಹಿನ್ನೆಲೆ

ಅಮೆರಿಕದ ಹಳೆಯ ಕಿಸೆ ರಿವಾಲ್ವರುಗಳನ್ನು ಅಭ್ಯಾಸ ಮಾಡಹೊರಟವರಿಗೆ ಮೊದಲಲ್ಲೇ ಒಂದು ಗೊಂದಲ ಎದುರಾಗುತ್ತದೆ. ವೂಸ್ಟರ್‌ನ ಲೂಸಿಯಸ್ ಪಾಂಡ್ ತಯಾರಿಸಿದ ಕೆಲವು ರಿವಾಲ್ವರುಗಳ ಮೇಲೂ ಬ್ರೂಕ್ಲಿನ್‌ನ ಡೇನಿಯಲ್ ಮೂರ್ ತಯಾರಿಸಿದ ಕೆಲವುಗಳ ಮೇಲೂ ‘ಸ್ಮಿತ್ ಅಂಡ್ ವೆಸನ್‌ಗಾಗಿ ತಯಾರಿಸಿದ್ದು’ ಎಂದು ಇನ್ನೊಂದು ರಿವಾಲ್ವರು ಕಂಪನಿಯ ಹೆಸರಿನ ಬರಹವೂ 1855ರ ಏಪ್ರಿಲ್ 3 ಎಂಬ ಪೇಟೆಂಟ್ ತಾರೀಖೂ ಇರುತ್ತವೆ. ತಯಾರಕರು ಬೇರೆ, ಊರು ಬೇರೆ, ಮುದ್ರೆ ಮಾತ್ರ ಪ್ರತಿಸ್ಪರ್ಧಿಯದು. ಅದು ನ್ಯಾಯಾಲಯದಲ್ಲಿ ಸೋತವರು ತಮ್ಮ ಸರಕಿನ ಮೇಲೆ ಒತ್ತಬೇಕಾಗಿ ಬಂದ ಮುದ್ರೆ.

ಈ ಜಗಳಕ್ಕೂ ಮೊದಲು ಇನ್ನೊಂದು ಏಕಸ್ವಾಮ್ಯವಿತ್ತು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಪಡೆದ ಪೇಟೆಂಟ್ ಅವಧಿ ವಿಸ್ತರಣೆಯೊಂದಿಗೆ 1857ರವರೆಗೆ ನಡೆಯಿತು. ಆ ನಡುವೆ ಅವನ ಮೊದಲ ಕಂಪನಿ ಮುಳುಗಿತು, ಎರಡನೆಯದು ಬೆಳೆಯಿತು, ಎದುರಾಳಿಗಳು ಮೊಕದ್ದಮೆಯಲ್ಲಿ ಸೋತರು. ಆದರೆ ಕೋಲ್ಟನ ರಿವಾಲ್ವರು, ನಮ್ಮ ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ, ಕೇಪಿನ ಕೋವಿಯ ಜಾತಿಯದು. ಗುಂಡುಗಳನ್ನು ಹಿಡಿದು ತಿರುಗುವ ಸಿಲಿಂಡರಿನ ಒಂದೊಂದು ಕೋಣೆಗೂ ಮುಂದಿನಿಂದ ಮದ್ದು ಸುರಿದು, ಗುಂಡನ್ನು ಒತ್ತಿ, ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಬೇಕು. ಮದ್ದು, ಗುಂಡು, ಕಿಡಿ ಮೂರೂ ಒಂದರಲ್ಲೇ ಇರುವ ತೋಟಾವನ್ನು ಹಿಂದಿನಿಂದ ತುಂಬಬೇಕಾದರೆ ಕೋಣೆಗಳು ಈ ತುದಿಯಿಂದ ಆ ತುದಿಗೆ ತೆರೆದಿರಬೇಕು.

ಆ ಆರುಪಾರು ತೂತಿಗೇ ರಾಲಿನ್ ವೈಟ್ ಎಂಬಾತ 1855ರಲ್ಲಿ ಪೇಟೆಂಟ್ ಪಡೆದದ್ದು. ಅವನ ನಕ್ಷೆಯಲ್ಲಿ ಲೋಹದ ತೋಟಾದ ಸುಳಿವೇ ಇರಲಿಲ್ಲ. ಅಲ್ಲಿದ್ದ ಜಟಿಲ ಯಂತ್ರ ಬಳಕೆಗೆ ಬರುವಂಥದ್ದೂ ಆಗಿರಲಿಲ್ಲ. ಫ್ರಾನ್ಸಿನಲ್ಲಿ ಲೆಫೋಷೋ ಮಾದರಿಯ ರಿವಾಲ್ವರುಗಳು ಆರುಪಾರು ತೂತಿನ ಸಿಲಿಂಡರಿನೊಂದಿಗೆ ಆಗಲೇ ತಯಾರಾಗುತ್ತಿದ್ದವು. ಆದರೂ ಅಮೆರಿಕದ ಪೇಟೆಂಟ್ ಕಚೇರಿಯ ಕಾಗದದಲ್ಲಿ ಆ ತೂತು ವೈಟ್‌ನ ಸೊತ್ತಾಯಿತು.

ಲೋಹದ ತೋಟಾದ ಪುಟ್ಟ ರಿವಾಲ್ವರೊಂದನ್ನು ಸಿದ್ಧಪಡಿಸುತ್ತಿದ್ದ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ 1856ರ ನವೆಂಬರಿನಲ್ಲಿ ವೈಟ್‌ನೊಂದಿಗೆ ಒಪ್ಪಂದ ಮಾಡಿಕೊಂಡರು. ಒಂದು ರಿವಾಲ್ವರಿಗೆ 25 ಸೆಂಟ್ ರಾಯಧನ. ಪೇಟೆಂಟನ್ನು ಯಾರಾದರೂ ಉಲ್ಲಂಘಿಸಿದರೆ ಮೊಕದ್ದಮೆ ಹೂಡಿ ಅದನ್ನು ಕಾಪಾಡುವ ಹೊಣೆ ವೈಟ್‌ನದು. ಮುಂದಿನ ಕಥೆಯೆಲ್ಲ ಈ ಎರಡನೆಯ ಷರತ್ತಿನಲ್ಲಿ ಅಡಗಿದೆ. ಕೋಲ್ಟನ ಪೇಟೆಂಟ್ ಮುಗಿದ 1857ರಲ್ಲೇ ಅವರ ಮೊದಲ ಮಾದರಿ ಮಾರುಕಟ್ಟೆಗೆ ಬಂತು: .22 ಅಳತೆ, ಏಳು ಗುಂಡು, ಅಂಗಿಯ ಕಿಸೆಯಲ್ಲಿ ಅಡಗುವಷ್ಟು ಗಾತ್ರ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಸೈನಿಕರು ಸ್ವಂತ ಹಣ ಕೊಟ್ಟು ಇಂಥವನ್ನು ಕೊಳ್ಳತೊಡಗಿದರು. ಒಂದೇ ಕಾರ್ಖಾನೆಯಿಂದ ಪೂರೈಸಲಾಗದಷ್ಟು ಬೇಡಿಕೆ ಬಂದಾಗ ಉಳಿದವರು ಸುಮ್ಮನೆ ಕೂರುವುದಾದರೂ ಹೇಗೆ?

ಕೂರಲಿಲ್ಲ. ಕೆಲವರು ನೇರವಾಗಿ ನಕಲು ಮಾಡಿ ಕೋರ್ಟಿಗೆ ಎಳೆಸಿಕೊಂಡರು. ಬಂದೂಕು ತಯಾರಕ ಈಥನ್ ಆಲನ್ ವಿರುದ್ಧದ ಮೊಕದ್ದಮೆಯಲ್ಲಿ 1863ರಲ್ಲಿ ವೈಟ್ ಗೆದ್ದನು. ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸಮಸಮವಾಗಿ ಒಡೆದದ್ದರಿಂದ ಕೆಳಗಿನ ತೀರ್ಪೇ ಉಳಿಯಿತು. ಅರ್ಧ ಪೀಠಕ್ಕೆ ಒಪ್ಪಿಗೆಯಾಗದ ಪೇಟೆಂಟೊಂದು ಹೀಗೆ ಪೂರ್ಣ ಬಲದಿಂದ ಜಾರಿಯಲ್ಲಿತ್ತು ಎಂಬುದನ್ನು ಗಮನಿಸಬೇಕು.

ಇನ್ನು ಕೆಲವರು ಕಾನೂನಿನ ಮಾತಿಗೆ ಸಿಗದಂತೆ ಲೋಹವನ್ನೇ ಬಾಗಿಸಿದರು. ಮೂರ್ ಹಿಂಬದಿಯಲ್ಲಿ ಸಣ್ಣ ರಂಧ್ರವನ್ನಷ್ಟೇ ಬಿಟ್ಟು, ಅದರಲ್ಲಿ ತೋಟಾದ ಮೊಲೆತೊಟ್ಟಿನಂಥ ತುದಿ ಮಾತ್ರ ತೂರುವಂತೆ ಮಾಡಿ, ತೋಟಾವನ್ನು ಮುಂದಿನಿಂದ ತುಂಬಿಸಿದನು. ಪ್ಲಾಂಟ್ ಕಂಪನಿ ಬಟ್ಟಲಿನಂಥ ತಳವಿದ್ದ ತೋಟಾವನ್ನು ಮುಂದಿನಿಂದಲೇ ತುಂಬುವ ಉಪಾಯ ಕಂಡುಕೊಂಡಿತು. ಸ್ಲೋಕಮ್ ರಿವಾಲ್ವರಿನಲ್ಲಿ ಪ್ರತಿ ಕೋಣೆಯ ಹೊರಗೋಡೆ ಜಾರುವ ಕೊಳವೆಯಾಗಿತ್ತು. ಅದನ್ನು ಸರಿಸಿ ಪಕ್ಕದಿಂದ ತೋಟಾ ಇಡಬೇಕಿತ್ತು. ಸಂಗ್ರಾಹಕರು ಇವನ್ನು ಜಾಣ್ಮೆಯ ಮಾದರಿಗಳೆಂದು ಮೆಚ್ಚುತ್ತಾರೆ, ಮೆಚ್ಚತಕ್ಕವೂ ಹೌದು. ಆದರೆ ಇಷ್ಟೊಂದು ಜಾಣ್ಮೆ ಖರ್ಚಾದದ್ದು ಒಂದು ನೇರ ತೂತನ್ನು ಕೊರೆಯದೆ ಇರುವುದಕ್ಕೆ.

ವೈಟ್‌ಗಾದರೂ ಎಷ್ಟು ದಕ್ಕಿತು? ರಾಯಧನವಾಗಿ ಸುಮಾರು 71,000 ಡಾಲರ್ ಬಂದರೂ ಅದರ ದೊಡ್ಡ ಪಾಲು ವಕೀಲರ ಪಾಲಾಯಿತು. 1869ರಲ್ಲಿ ಅವಧಿ ವಿಸ್ತರಣೆಗೆ ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ಮರುಪರಿಶೀಲನೆಗೆ ದಾರಿ ಮಾಡಿಕೊಡುವ ಮಸೂದೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅಂಗೀಕರಿಸಿತಾದರೂ, ಅಧ್ಯಕ್ಷ ಗ್ರಾಂಟ್ 1870ರ ಜನವರಿ 11ರಂದು ಅದನ್ನು ತಡೆಹಿಡಿದರು. ಯುದ್ಧಕಾಲದಲ್ಲಿ ಈ ಪೇಟೆಂಟ್‌ನಿಂದ ಸರ್ಕಾರಕ್ಕೆ ತೊಂದರೆಯಾಗಿತ್ತೆಂದು ಸೇನೆಯ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥ ಡಯರ್ ಕೊಟ್ಟ ಅಭಿಪ್ರಾಯವನ್ನು ಅಧ್ಯಕ್ಷರು ಆಧಾರವಾಗಿ ಇಟ್ಟುಕೊಂಡರು. ಷರತ್ತಿನಂತೆ ವ್ಯಾಜ್ಯಗಳಲ್ಲಿ ವಾದಿಯಾಗಿದ್ದವನು ವೈಟ್; ಆದ್ದರಿಂದ ಆ ತೊಂದರೆಯ ಲೆಕ್ಕವೂ ಅವನ ಹೆಸರಿಗೇ ಬಂತು.

ಪೇಟೆಂಟಿನ ಅಡ್ಡಿ ತೆರವಾದ ಮೇಲೆ ಕೋಲ್ಟ್ ಕಂಪನಿ ತನ್ನ ಹಳೆಯ ಕೇಪಿನ ರಿವಾಲ್ವರುಗಳನ್ನು ತೋಟಾಕ್ಕೆ ಮಾರ್ಪಡಿಸತೊಡಗಿತು. 1873ರಲ್ಲಿ ಅದರ ಹೊಸ ಸೇನಾ ಮಾದರಿಯೂ ಬಂತು. ಸಣ್ಣಪುಟ್ಟ ಕಾರ್ಖಾನೆಗಳು ಅಗ್ಗದ .22 ಮತ್ತು .32 ಕಿಸೆ ರಿವಾಲ್ವರುಗಳನ್ನು ರಾಶಿರಾಶಿಯಾಗಿ ತಯಾರಿಸಿದವು. ಅವುಗಳ ಸಿಲಿಂಡರುಗಳೆಲ್ಲ ಆರುಪಾರು ಕೊರೆದವೇ. ನಳಿಗೆಯ ಮೇಲೆ 1855ರ ತಾರೀಖನ್ನು ಒತ್ತುವ ಅಗತ್ಯ ಮಾತ್ರ ಉಳಿದಿರಲಿಲ್ಲ.