ಡಿಸ್ಕ್ ಇಮೇಜ್ ಎಲ್ಲಿ ನಿಂತಿತು?

ಡಿಸ್ಕ್ ಇಮೇಜ್, ಅಂದರೆ ಇಡೀ ಡಿಸ್ಕಿನ ಪ್ರತಿಯನ್ನು ಫೈಲಾಗಿ ತೆಗೆದಿಡುವ ಬ್ಯಾಕಪ್, ಅರ್ಧಕ್ಕೆ ನಿಂತ ಕೂಡಲೇ ಹೆಚ್ಚಿನವರು ಸಾಫ್ಟ್‌ವೇರ್ ಬದಲಿಸಲು ಹೊರಡುತ್ತಾರೆ. ಶಿರಸಿಯ ಅಡಿಕೆ ಮಂಡಿಯ ಲೆಕ್ಕದ ಕಂಪ್ಯೂಟರಿರಲಿ, ಕಾರವಾರದ ಮೀನು ವ್ಯಾಪಾರದ ಆಫೀಸಿನದಿರಲಿ, ದೋಷ ಬಹುಪಾಲು ಬೇರೆಲ್ಲೋ ಇರುತ್ತದೆ. ಎಷ್ಟು ಪರ್ಸೆಂಟಿಗೆ ನಿಂತಿತು, ಎರಡನೇ ಸಲವೂ ಅಲ್ಲೇ ನಿಂತಿತೇ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಶುರುವಾಗುವ ಮೊದಲೇ ಎರರ್ ಬಂದರೆ ಬಳಕೆಯಲ್ಲಿರುವ ಫೈಲುಗಳ ಪ್ರತಿ ತೆಗೆಯಲು ನೆರವಾಗುವ ವಿಂಡೋಸಿನ ಶ್ಯಾಡೋ ಕಾಪಿ ಸೇವೆಯ ಮೇಲೆ ಅನುಮಾನ ಪಡಿ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ 'ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್' (vssadmin list writers) ಕೊಟ್ಟಾಗ ಎಲ್ಲವೂ ಸ್ಟೇಬಲ್ ಎಂದಿರಬೇಕು. ಫೇಲ್ಡ್ ಎಂದಿದ್ದರೆ ಒಂದು ರೀಸ್ಟಾರ್ಟಿಗೇ ಹಲವು ಸಲ ಸರಿಹೋಗುತ್ತದೆ. ಪೆನ್‌ಡ್ರೈವಿನಿಂದ ಓಡುವ ಇಮೇಜ್ ಸಾಫ್ಟ್‌ವೇರ್ ಕ್ಲೋನ್‌ಜಿಲ್ಲಾದಲ್ಲಿ ಬೂಟ್ ಮಾಡಿದಾಗ ವಿಂಡೋಸ್ ಪಾರ್ಟಿಷನ್ನಿನ ಬಗ್ಗೆ ತಕರಾರು ಬಂದರೆ ವಿಂಡೋಸನ್ನು ಪೂರ್ತಿ ಮುಚ್ಚಗೊಡದ ಫಾಸ್ಟ್ ಸ್ಟಾರ್ಟಪ್ ಆಯ್ಕೆ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ನೋಡಿ.

ಇಮೇಜ್ ಫೈಲು 4 ಜಿಬಿ ತಲುಪಿದೊಡನೆ ನಿಂತರೆ ಬ್ಯಾಕಪ್ ಡಿಸ್ಕ್, 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದ ಫ್ಯಾಟ್ 32 ಫಾರ್ಮ್ಯಾಟಿನಲ್ಲಿದೆ ಎಂದೇ ಅರ್ಥ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಅದರಲ್ಲಿದ್ದ ಹಳೆಯ ಫೈಲುಗಳನ್ನು ಮೊದಲು ತೆಗೆದಿಡಬೇಕೆಂದು ಬೇರೆ ಹೇಳಬೇಕಿಲ್ಲ.

ಒಮ್ಮೆ 20, ಒಮ್ಮೆ 65 ಪರ್ಸೆಂಟಿಗೆ ನಿಂತರೆ ಕೇಬಲ್, ಪೋರ್ಟ್, ಪವರ್, ರ‍್ಯಾಮ್. ಘಟ್ಟದ ಕೆಳಗೆ ಇದೇ ಜಾಸ್ತಿ. ಉಪ್ಪುಗಾಳಿಗೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕನೆಕ್ಟರಿನ ಪಿನ್ನುಗಳು ಮಂಕಾಗುತ್ತವೆ, ಕಣ್ಣಿಗೆ ತುಕ್ಕು ಕಾಣದಿದ್ದರೂ ಸಂಪರ್ಕ ಸಡಿಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು, ಕೇಬಲ್ಲಿನಲ್ಲಾದ ತಪ್ಪುಗಳನ್ನು ಎಣಿಸುವ ಸಿ7 ಸಾಲಿನ 'ರಾ ವ್ಯಾಲ್ಯೂ' ಅಂಕಿ ಬರೆದಿಡಿ, ಇಮೇಜ್ ಓಡಿಸಿ, ಮತ್ತೆ ನೋಡಿ. ಈ ಅಂಕಿ ಎಂದೂ ಇಳಿಯುವುದಿಲ್ಲ, ಹಾಗಾಗಿ ಹಳೆಯ ಮೊತ್ತ ಎಷ್ಟಿದ್ದರೂ ಚಿಂತೆಯಿಲ್ಲ. ಏರುತ್ತಿದ್ದರೆ ಮಾತ್ರ ಕೇಬಲ್ ಬದಲಿಸಿ. ಪ್ಲಗ್ ಕಿತ್ತು, 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಪಿನ್ ಒರೆಸಿ, ಒಣಗಿಸಿ ಕೂರಿಸಿ. ಯುಎಸ್‌ಬಿ ಡಿಸ್ಕನ್ನು ಹಬ್‌ಗೆ ಹಾಕದೆ ಕಂಪ್ಯೂಟರಿನ ಹಿಂದಿನ ಪೋರ್ಟಿಗೇ ಹಾಕಿ. ಇಮೇಜ್ ಮುಗಿದರೂ ವೆರಿಫೈ (ಪ್ರತಿ ಸರಿಯಿದೆಯೇ ಎಂಬ ಪರೀಕ್ಷೆ) ಫೇಲಾಗುತ್ತಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸುವುದು ಬಾಕಿ.

ಮಳೆಗಾಲದಲ್ಲಿ ಇನ್ನೊಂದಿದೆ. ಕರೆಂಟು ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಆದರೆ 3.5 ಇಂಚಿನ ಹೊರಗಿನ ಡಿಸ್ಕಿಗೆ ಅದರದ್ದೇ ಅಡಾಪ್ಟರ್. ಅದು ಗೋಡೆಯ ಸಾಕೆಟ್ಟಿನಲ್ಲಿದ್ದರೆ ಇಮೇಜ್ ಅಲ್ಲಿಗೇ ಮುಗಿಯಿತು. ಅಡಾಪ್ಟರನ್ನೂ ಯುಪಿಎಸ್ಸಿಗೆ ಸೇರಿಸಿ.

ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಮೂಲ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದಲಾಗದ ಜಾಗ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಸಿ5, ಸಿ6 ಸಾಲುಗಳ 'ರಾ ವ್ಯಾಲ್ಯೂ' ಸೊನ್ನೆಗಿಂತ ಹೆಚ್ಚಿದ್ದರೆ ಖಚಿತ. ಇಲ್ಲಿ ವಿಂಡೋಸಿನ ಡಿಸ್ಕ್ ಪರೀಕ್ಷೆಯಾದ ಚೆಕ್‌ಡಿಸ್ಕಿನ 'ಆರ್' ಆಯ್ಕೆ ಓಡಿಸಿ ಎಂಬ ಸಲಹೆ ಸುಲಭಕ್ಕೆ ಸಿಗುತ್ತದೆ, ನನಗದು ಒಪ್ಪಿಗೆಯಿಲ್ಲ. ಸಾಯುತ್ತಿರುವ ಡಿಸ್ಕಿನ ಪ್ರತಿ ಸೆಕ್ಟರನ್ನೂ ಗಂಟೆಗಟ್ಟಲೆ ಓದಿಸಿದರೆ ಉಳಿದ ಆಯಸ್ಸೂ ಅಲ್ಲೇ ಖರ್ಚು. ಮೊದಲು ಲಿನಕ್ಸ್ ಪೆನ್‌ಡ್ರೈವಿನಿಂದ, ಕೆಟ್ಟ ಡಿಸ್ಕಿನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಹಾಕಿ. ಅದು ಸಲೀಸಾಗಿ ಓದಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಓದಿತೆಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರನ್ನು ತಪ್ಪದೆ ಕೊಡಿ. ನಡುವೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಕಮಾಂಡಿನಲ್ಲಿ ಮೂಲ ಡಿಸ್ಕ್ ಮೊದಲು, ಹೊಸದು ಆಮೇಲೆ. ಅದಲುಬದಲಾದರೆ ಖಾಲಿ ಡಿಸ್ಕಿನ ಪ್ರತಿಯೇ ನಿಮ್ಮ ಲೆಕ್ಕದ ಫೈಲುಗಳ ಮೇಲೆ ಬರೆದುಹೋಗುತ್ತದೆ. ಚೆಕ್‌ಡಿಸ್ಕ್ ಓಡಿಸುವುದಿದ್ದರೆ ಆ ಹೊಸ ಪ್ರತಿಯ ಮೇಲೆ.

ಕೊನೆಯದಾಗಿ, ಇಮೇಜನ್ನು ಮರಳಿ ಹಾಕಲು ಬೇಕಾಗುವ ರೆಸ್ಕ್ಯೂ ಪೆನ್‌ಡ್ರೈವಿನಿಂದ ಈಗಲೇ ಒಮ್ಮೆ ಬೂಟ್ ಮಾಡಿ ನೋಡಿ. ಹೊಸ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ (ಇಂಟೆಲ್‌ನ ಡಿಸ್ಕ್ ನಿರ್ವಹಣಾ ವ್ಯವಸ್ಥೆ) ಡ್ರೈವರ್ ಇಲ್ಲದೆ ಒಳಗಿನ ಎಸ್‌ಎಸ್‌ಡಿಯೇ ಕಾಣಿಸದಿರಬಹುದು. ಆ ಡ್ರೈವರನ್ನು ಪೆನ್‌ಡ್ರೈವಿಗೆ ಸೇರಿಸಲು ಕಂಪ್ಯೂಟರ್ ಓಡುತ್ತಿರುವಾಗ ಹತ್ತು ನಿಮಿಷ ಸಾಕು.