ಕೆಮ್ಮಣ್ಣುಗುಂಡಿ ಅದಿರು, ಭದ್ರಾವತಿ ಉಕ್ಕು: ಗಂಟು ಬಿದ್ದಿದ್ದು ಎಲ್ಲಿ?

ಭದ್ರಾವತಿಯ ವಿಐಎಸ್‌ಎಲ್ (ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು) ಕಾರ್ಖಾನೆ ಮುಚ್ಚುತ್ತದಂತೆ, ಇಲ್ಲ ಉಳಿಯುತ್ತದಂತೆ ಎಂಬ ಸುದ್ದಿ ಬಂದಾಗಲೆಲ್ಲ ತರೀಕೆರೆ, ಲಿಂಗದಹಳ್ಳಿ ಕಡೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಗಣಿ ನಿಲ್ಲಿಸಿದ್ದೇ ತಪ್ಪು ಅಂತ ಕೆಲವರು. ಯಂತ್ರ ಹಳೇದಾಯ್ತು ಅಂತ ಇನ್ನು ಕೆಲವರು. ಕಾರ್ಖಾನೆ ಶಿವಮೊಗ್ಗ ಜಿಲ್ಲೆಯದೇ ಆದರೂ ಅದಕ್ಕೆ ಅದಿರು ಹೋಗಿದ್ದು ನಮ್ಮ ಚಿಕ್ಕಮಗಳೂರಿನ ಕೆಮ್ಮಣ್ಣುಗುಂಡಿ ಬೆಟ್ಟದಿಂದ. ಹಾಗಾಗಿ ಈ ಕಥೆ ನಮ್ಮದೂ ಹೌದು.

1918ರಲ್ಲಿ ಮೈಸೂರು ಸಂಸ್ಥಾನ ಈ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಕೈ ಹಾಕಿತು. 1923ರಲ್ಲಿ ಕಬ್ಬಿಣ ಹೊರಬಂತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿ ಮೇಲೆ ಭದ್ರಾವತಿ ಸೇರುತ್ತಿತ್ತು. ಕಲ್ಲಿದ್ದಲು ನಮ್ಮಲ್ಲಿಲ್ಲ. ಕಾಡಿನ ಮರದ ಇದ್ದಿಲೇ ಕುಲುಮೆಗೆ ಉರುವಲಾಯಿತು. ಆಮೇಲೆ ವಿದ್ಯುತ್ ಕುಲುಮೆಗಳು ಬಂದವು.

ಕಲ್ಲಿದ್ದಲಿನ ಪಕ್ಕದಲ್ಲೇ ಇರುವ ದೊಡ್ಡ ಕಾರ್ಖಾನೆಗಳ ಜೊತೆ ಸಾದಾ ಉಕ್ಕಿನಲ್ಲಿ ಪೈಪೋಟಿ ಮಾಡುವುದು ಕಷ್ಟ. 1960ರ ದಶಕದಲ್ಲಿ ಭದ್ರಾವತಿ ಮಿಶ್ರಲೋಹ ಉಕ್ಕಿನ, ಅಂದರೆ ಬೇರೆ ಲೋಹ ಬೆರೆಸಿದ ಉಕ್ಕಿನ ಕಡೆ ತಿರುಗಿತು. ನನ್ನ ಪ್ರಕಾರ ಅದು ಈ ಕಾರ್ಖಾನೆಯ ಅತ್ಯಂತ ಜಾಣ ನಿರ್ಧಾರ.

ಯಾಕೆ ಅಂತ ಚಿಕ್ಕಮಗಳೂರಿನ ಯಾವುದೇ ಲೇತ್ ಅಂಗಡಿಯಲ್ಲಿ ಕೇಳಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಶಾಫ್ಟ್ ಸವೆದು ಬಂದರೆ ಇಎನ್8 ಅನ್ನುವ ದರ್ಜೆಯ ಉಕ್ಕು ಸಾಕು. ಅದು ಕಬ್ಬಿಣ, ಜೊತೆಗೆ ಸುಮಾರು ಶೇ. 0.4ರಷ್ಟು ಇಂಗಾಲ, ಸ್ವಲ್ಪ ಮ್ಯಾಂಗನೀಸ್, ಅಷ್ಟೇ. ಭಾರಿ ಹೊಡೆತ ತಡೆಯಬೇಕಾದ ಗೇರು, ಆಕ್ಸಲ್ ಆದರೆ ಇಎನ್24 ದರ್ಜೆಯ ಉಕ್ಕು ಬೇಕು. ಇಂಗಾಲ ಅಷ್ಟೇ ಇದ್ದರೂ ಅದರಲ್ಲಿ ಶೇ. 1.5ರಷ್ಟು ನಿಕ್ಕಲ್, ಶೇ. 1.2ರಷ್ಟು ಕ್ರೋಮಿಯಂ, ಕಾಲು ಶೇಕಡಾದಷ್ಟು ಮಾಲಿಬ್ಡಿನಂ ಇರುತ್ತದೆ. ಇಷ್ಟು ಚೂರು ಬೆರಕೆಯಿಂದಲೇ ದಪ್ಪ ತುಂಡನ್ನು ಕಾಯಿಸಿ ಎಣ್ಣೆಗೆ ಅದ್ದಿದಾಗ ಒಳಗಿನವರೆಗೂ ಗಟ್ಟಿಯಾಗುತ್ತದೆ. ಯಾವ ಉಕ್ಕು ಅಂತ ಗೊತ್ತಾಗದಿದ್ದರೆ ಹಳೇ ಮೇಸ್ತ್ರಿಗಳು ತುಂಡನ್ನು ಗ್ರೈಂಡರ್‌ಗೆ ತಾಗಿಸಿ ಕಿಡಿ ನೋಡುತ್ತಾರೆ. ಇಂಗಾಲ ಜಾಸ್ತಿ ಇದ್ದರೆ ಕಿಡಿ ಒಡೆದು ಒಡೆದು ಚದುರುತ್ತದೆ.

ಇಂಥ ಉಕ್ಕು ಸುಮ್ನೆ ಕರಗಿಸಿದರೆ ಆಗುವುದಿಲ್ಲ. ಕುಲುಮೆಯಿಂದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬೇಕು. ಕ್ರೋಮಿಯಂ ಕಮ್ಮಿ ಬಿದ್ದರೆ ಫೆರೋಕ್ರೋಮ್ (ಕಬ್ಬಿಣ, ಕ್ರೋಮಿಯಂ ಬೆರಕೆ) ಸೇರಿಸಬೇಕು. ಗಂಧಕ, ರಂಜಕ ಉಳಿದರೆ ಉಕ್ಕು ಬಿರಿಯುತ್ತದೆ, ಅದನ್ನು ಕರಗಿದ ಉಕ್ಕಿನ ಮೇಲೆ ತೇಲುವ ಕಿಟ್ಟದ ಜೊತೆ ತೆಗೆಯಬೇಕು. ಈ ಕೈಚಳಕ ಒಂದೆರಡು ವರ್ಷದಲ್ಲಿ ಬರುವುದಿಲ್ಲ. ಫೆರೋಕ್ರೋಮ್‌ಗೆ ಬೇಕಾದ ಕ್ರೋಮೈಟ್ ಅದಿರು ಕೂಡ ದೂರ ಇಲ್ಲ, ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಭಾಗದ ಬೈರಾಪುರದಲ್ಲಿದೆ.

1989ರಲ್ಲಿ ಕಾರ್ಖಾನೆ ಕೇಂದ್ರ ಸರ್ಕಾರದ ಭಾರತೀಯ ಉಕ್ಕು ಪ್ರಾಧಿಕಾರದ (ಸೈಲ್) ಕೈಗೆ ಹೋಯಿತು. 1998ರಲ್ಲಿ ಅದರಲ್ಲೇ ವಿಲೀನವಾಯಿತು. ಮುಂದೆ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಇದೇ ಜಿಲ್ಲೆಯ ಕುದುರೆಮುಖದಲ್ಲೂ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ಮುಗಿಯಿತು. ಶೋಲಾ ಕಾಡು, ಹೊಳೆಗಳ ಮೂಲ ಉಳಿಯಬೇಕಾದರೆ ಇದು ಆಗಲೇಬೇಕಿತ್ತು. ಬೆಟ್ಟದ ಕೆಳಗೆ ಬದುಕುವವರಿಗೆ ಇದರಲ್ಲಿ ಅನುಮಾನ ಇರಲಾರದು. ಆದರೆ ಒಂದು ಗಣಿ ನಿಲ್ಲಿಸಿದ ಮೇಲೆ ಬದಲಿ ಗಣಿ ಕೊಡಬೇಕು ಅಲ್ವಾ? ಬಳ್ಳಾರಿ ಸೀಮೆಯಲ್ಲಿ ಕೊಡುವ ಮಾತು ಫೈಲಿನಿಂದ ಫೈಲಿಗೆ ಓಡಾಡಿತು. ಸ್ವಂತ ಅದಿರಿಲ್ಲದೆ ಖರ್ಚು ಏರಿತು, ನಷ್ಟ ಬಂತು. ನಷ್ಟ ಇದೆ ಅಂತ ಹೊಸ ಕುಲುಮೆಗೆ ಹಣ ಬರಲಿಲ್ಲ.

2016ರಲ್ಲಿ ಖಾಸಗೀಕರಣಕ್ಕೆ ಒಪ್ಪಿಗೆ ಸಿಕ್ಕಿತು. 2022ರಲ್ಲಿ ಕೇಂದ್ರ ಸರ್ಕಾರ ಆ ಪ್ರಯತ್ನ ಕೈಬಿಟ್ಟಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ, ಕಾರ್ಮಿಕರ ಹೋರಾಟ, ಆಗಸ್ಟ್‌ನಲ್ಲಿ ಸರಳು ಮಾಡುವ ಘಟಕವಾದ ಬಾರ್ ಮಿಲ್ ಮತ್ತೆ ಶುರು.

ಬಾರ್ ಮಿಲ್ ಓಡಿದರೆ ಕೆಲಸ ಸಿಗುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅಲ್ಲಿ ನಡೆಯುವುದು ಬೇರೆ ಕಡೆ ಕರಗಿಸಿ, ಬೆರಕೆ ಮಾಡಿದ ಉಕ್ಕನ್ನು ಕಾಯಿಸಿ ಸರಳು ಎಳೆಯುವ ಕೆಲಸ. ಮಿಶ್ರಲೋಹದ ವಿದ್ಯೆ ಇರುವುದು ಕರಗಿಸುವ ಕುಲುಮೆಯ ಹತ್ತಿರ. ಮುಂದಿನ ಸಲ ಭದ್ರಾವತಿ ಬಗ್ಗೆ ಘೋಷಣೆ ಬಂದಾಗ ಎರಡೇ ವಿಷಯ ಹುಡುಕಿ: ಅದಿರು ಎಲ್ಲಿಂದ, ಮತ್ತು ಕರಗಿಸುವ ಕುಲುಮೆಗೆ ಎಷ್ಟು ಹಣ.